ಅರ್ಜಿಯಕ್ಕನ ಮೊದಲ ಸಾಲು

ತಾಲೂಕು ಕಚೇರಿಯ ವರಾಂಡದಲ್ಲಿ ಮೇಜು ಹಾಕಿಕೊಂಡು ಇಪ್ಪತ್ತೆರಡು ವರ್ಷ ಕಂಡವರ ಅರ್ಜಿ ಬರೆದವಳು ಅವಳು. ಎಲ್ಲರಿಗೂ ಅರ್ಜಿಯಕ್ಕ. ಅವಳು ಬರೆದರೆ ಕಲ್ಲೂ ಕರಗುತ್ತದೆ ಎಂದು ಹೆಸರು. ಗುಟ್ಟು ಇಷ್ಟೇ: ಮೊದಲು ಬಗ್ಗು, ಆಮೇಲೆ ಹೊಗಳು, ಕೊನೆಗೆ ಕಣ್ಣೀರು ಹಾಕು. ಕೂಗಾಡುತ್ತ ಬಂದವರಿಗೆ, "ಸಿಟ್ಟು ಬಾಯಲ್ಲಿರಲಿ ಕಣಪ್ಪ, ಕಾಗದದಲ್ಲಿ ಬೇಡ" ಎನ್ನುತ್ತಿದ್ದಳು. ಯಾರ ಅರ್ಜಿಯಾದರೂ ಶುರು ಒಂದೇ: "ತಿಳಿದೋ ತಿಳಿಯದೆಯೋ ನಮ್ಮಿಂದಾದ ತಪ್ಪನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸಬೇಕು."

ಅವಳ ಮಗಳು ರಟ್ಟಿನ ಡಬ್ಬದ ಕಾರ್ಖಾನೆಯಲ್ಲಿದ್ದಳು. ಕತ್ತರಿಸುವ ಯಂತ್ರದಲ್ಲಿ ಕೈಗೆ ಅಡ್ಡ ಇರಬೇಕಾದ ತಗಡು ಮುರಿದಿದೆ ಎಂದು ನಾಲ್ಕು ಸಲ ಹೇಳಿದ್ದಳು. ಮೇಲಿನವರು ಹೂಂ ಹೂಂ ಎಂದರೇ ಹೊರತು ಒಬ್ಬ ಮಹಾರಾಯನೂ ಅತ್ತ ಸುಳಿಯಲಿಲ್ಲ. ಕೊನೆಗೆ ಬಲಗೈಯ ಎರಡು ಬೆರಳು ಹೋದವು. ಗಾಯ ಮಾಯುವ ಮೊದಲೇ ಕೆಲಸವೂ ಹೋಯಿತು. ಮಗಳನ್ನು ವಾಪಸ್ ತೆಗೆದುಕೊಳ್ಳಿ ಎಂದು ಅಕ್ಕ ಕೂತು ಅರ್ಜಿ ಬರೆದಳು. ಶುರು ಮಾತ್ರ ಅದೇ!

ವಾರದ ಮೇಲೆ ಮ್ಯಾನೇಜರ್ ತಾಯಿ ಮಗಳಿಬ್ಬರನ್ನೂ ಕರೆಸಿ, ಆ ಸಾಲಿನ ಮೇಲೆ ಬೆರಳಿಟ್ಟ.

"ತಪ್ಪು ನಿಮ್ಮದೇ ಅಂತ ನೀವೇ ಬರ್ಕೊಟ್ಟಿದೀರಲ್ಲಮ್ಮ. ಇನ್ನೇನಿದೆ ಮಾತಾಡೋಕೆ?"

"ಅಯ್ಯೋ, ಅದು ವಿನಯಕ್ಕೆ ಬರೆಯೋದು ಸಾರ್!"

"ನಮಗೆ ಇಷ್ಟು ಸಾಕು."

ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅಂತ ಸುಮ್ಮನೆ ಹೇಳುತ್ತಾರೆಯೇ? ಅಕ್ಕನ ಮೈಯೆಲ್ಲ ಉರಿದುಹೋಯಿತು. ಅವನ ಮೇಲೆ ಸಿಟ್ಟು, ಅದಕ್ಕಿಂತ ತನ್ನ ಮೇಲೆ. 'ಎಷ್ಟು ಜನರ ಕೈಲಿ ಮಾಡದ ತಪ್ಪು ಒಪ್ಪಿಸಿದೆನೋ, ಹಾಳಾದವಳು!'

ಅವನ ಮೇಜಿನಿಂದಲೇ ಒಂದು ಬಿಳಿ ಹಾಳೆ ಎಳೆದುಕೊಂಡು ನಿಂತಲ್ಲೇ ಮಗಳ ಹೆಸರಿನಲ್ಲಿ ಬರೆದಳು. "ತಗಡು ಮುರಿದಿತ್ತು. ನಾಲ್ಕು ಸಲ ಹೇಳಿದೆ. ನೀವು ಸರಿ ಮಾಡಿಸಲಿಲ್ಲ. ನನ್ನ ಎರಡು ಬೆರಳು ಹೋದವು. ನನ್ನ ಕೆಲಸ ನನಗೆ ಕೊಡಿ."

ಮ್ಯಾನೇಜರ್ ಓದಿ ಮೂಗು ಮುರಿದ. "ಹಿಂಗೆ ಬರೆದ್ರೆ ಯಾರಮ್ಮ ಕೆಲಸ ಕೊಡ್ತಾರೆ?"

"ಹಂಗೆ ಬರೆದಾಗ ಕೊಟ್ರಾ?" ಅಕ್ಕನ ಗಂಟಲಿಗೆ ಹೊರಗಿದ್ದ ಕೆಲಸದ ಹೆಂಗಸರೆಲ್ಲ ತಿರುಗಿ ನೋಡಿದರು. "ಇದರದೊಂದು ಪ್ರತಿ ಕಾರ್ಮಿಕ ಇಲಾಖೆಗೂ ಹೋಗುತ್ತೆ. ತಲುಪಿದೆ ಅಂತ ಮೊಹರು ಒತ್ತಿಕೊಡಿ."

ಹಾಳೆಯನ್ನು ಮಗಳ ಮುಂದಿಟ್ಟಳು. "ಸಹಿ ಹಾಕು ತಾಯಿ."

ಮಗಳು ಎಡಗೈಯಲ್ಲಿ ಪೆನ್ನು ಹಿಡಿದು ಒಂದೊಂದೇ ಅಕ್ಷರ ಬರೆಯತೊಡಗಿದಳು. ಸಾಲು ಸೊಟ್ಟಗೆ ಹೋಯಿತು. ಮ್ಯಾನೇಜರ್ ಮುಖ ಆಚೆ ತಿರುಗಿಸಿದ.

"ಈ ಕಡೆ ನೋಡಿ ಸಾರ್" ಎಂದಳು ಅಕ್ಕ. "ಮುಗಿಯೋವರೆಗೂ ನೋಡಿ."