ಮಾರ್ಲೀನಳ ಜಲ್ಲಿ ದಾರಿ

ವರ್ನರ್ ಒಲ್ಲಿಲಾ ಹೊಟ್ಟೆಕಿಚ್ಚಿನ ಮನುಷ್ಯ ಎಂದು ಪೆಲ್ಟೊ ರಸ್ತೆಯಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಅವನೂ ಅಂದುಕೊಂಡಿರಲಿಲ್ಲ. ಇಷ್ಟು ವರ್ಷ ಒಳಗೆ ತಣ್ಣಗೆ ಮಲಗಿದ್ದ ಆ ಕಿಚ್ಚು ಎದ್ದು ಕೂತದ್ದು ಒಂದು ಕಬ್ಬಿಣದ ಪೈಪಿನ ದೆಸೆಯಿಂದ ಎಂದರೆ ಕೇಳಿದವರಿಗೆ ನಗು ಬರುತ್ತದೆ. ಅವನಿಗೆ ಮಾತ್ರ ಬರಲಿಲ್ಲ.

ಸುಪೀರಿಯರ್ ಸರೋವರದ ಕಡೆಯಿಂದ ಹಿಮ ಹೊತ್ತ ಗಾಳಿ ಬೀಸಿತೆಂದರೆ ಪೆಲ್ಟೊ ರಸ್ತೆಯವರು ಆಕಾಶ ನೋಡುವುದಿಲ್ಲ, ಟ್ರ್ಯಾಕ್ಟರಿನ ಬ್ಯಾಟರಿ ನೋಡುತ್ತಾರೆ. ಶಾಲೆಯ ಬಸ್ಸು ಓಡಿಸುವ ಕೆಲಸದಿಂದ ನಿವೃತ್ತನಾದ ಮೇಲೆ ವರ್ನರ್, ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವ ತನ್ನ ಪುಟ್ಟ ಟ್ರ್ಯಾಕ್ಟರಿಗೆ ಚಳಿಗಾಲದಲ್ಲಿ ಉಕ್ಕಿನ ಬ್ಲೇಡು ಕಟ್ಟಿ, ಅಕ್ಕಪಕ್ಕದ ಮನೆಗಳಿಂದ ರಸ್ತೆಗೆ ಬರುವ ದಾರಿಯ ಹಿಮ ತಳ್ಳುವುದನ್ನೇ ಬದುಕು ಮಾಡಿಕೊಂಡಿದ್ದ. ಮೊದಲ ಮನೆ ಯಾವತ್ತೂ ಮಾರ್ಲೀನ್ ಹಾರ್ಯುವಿನದು. ಅವಳ ಗಂಡ ಯೂಜೀನ್ ತೀರಿಕೊಂಡ ಚಳಿಗಾಲದಿಂದ ಹಾಗೇ ನಡೆದುಬಂದಿತ್ತು. ದಾರಿ ತೆರವಾದ ಮೇಲೆ ವರ್ನರ್ ಬಾಗಿಲ ಬಳಿ ಬೂಟು ಬಿಚ್ಚಿಟ್ಟು ಒಳಗೆ ಹೋಗುತ್ತಿದ್ದ. ಅವಳು ಕಾಫಿ ಬಗ್ಗಿಸಿ, ಏಲಕ್ಕಿ ಬ್ರೆಡ್ಡನ್ನು ದಪ್ಪಗೆ ಕೊಯ್ದು ಮುಂದಿಡುತ್ತಿದ್ದಳು. ಮಾತು ಹೆಚ್ಚಿರುತ್ತಿರಲಿಲ್ಲ. ಹೆಂಡತಿ ಹೋದ ಮೇಲೆ ಅವನು ಇನ್ನೊಬ್ಬರ ಎದುರು ಕೂತು ಬಾಯಿಗೆ ಏನಾದರೂ ಹಾಕಿಕೊಳ್ಳುತ್ತಿದ್ದದ್ದು ಅಲ್ಲಿ ಮಾತ್ರ. ಇದನ್ನು ಅವನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ, ಮಾರ್ಲೀನಳ ಹತ್ತಿರವಂತೂ ಇಲ್ಲವೇ ಇಲ್ಲ.

ಆ ಡಿಸೆಂಬರಿನ ಒಂದು ಬೆಳಗ್ಗೆ ಮೊಣಕಾಲುದ್ದ ಹಿಮ ಬಿದ್ದಿತ್ತು. ವರ್ನರ್ ಟ್ರ್ಯಾಕ್ಟರ್ ಏರಿ ಹೋಗಿ ನೋಡಿದರೆ ಮಾರ್ಲೀನಳ ದಾರಿ ಆಗಲೇ ತೆರವಾಗಿತ್ತು. ತೆರವಾಗಿದ್ದಷ್ಟೇ ಅಲ್ಲ, ಎರಡೂ ಬದಿಯ ಹಿಮದ ದಿಬ್ಬ ಹಾಲಿನಷ್ಟು ಬೆಳ್ಳಗಿತ್ತು. ಒಂದೇ ಒಂದು ಜಲ್ಲಿಕಲ್ಲು ಅದರಲ್ಲಿ ಕಾಣಲಿಲ್ಲ. ವರ್ನರ್ ತಳ್ಳಿದ ದಿಬ್ಬಗಳು ಯಾವಾಗಲೂ ಎಳ್ಳು ಉದುರಿಸಿದ ಹಾಗೆ ಇರುತ್ತಿದ್ದವು. ಜಲ್ಲಿ ದಾರಿ ಅಂದ ಮೇಲೆ ಬ್ಲೇಡು ಒಂದಿಷ್ಟು ಕಲ್ಲು ಕೆರೆದು ಹುಲ್ಲಿನ ಮೇಲೆ ಎಸೆಯುವುದೇ, ಅದಕ್ಕೇನು ಮಾಡಲಾಗುತ್ತದೆ ಎಂದು ಅವನು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದ.

ಬಾಗಿಲ ಬಳಿ ಒಂದು ಜೊತೆ ಬೂಟು ಇತ್ತು. ದೊಡ್ಡ ಬೂಟು, ಹಸಿರು ಲಾಡಿ. ಅದು ರಾಯ್ಸ್ ಟೆರ್ವೋನದು ಎಂದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ರಾಯ್ಸ್ ಹೋದ ವಸಂತದಲ್ಲಿ ಪೇಟೆಯ ತನ್ನ ವರ್ಕ್‌ಶಾಪು ಮುಚ್ಚಿ, ರಸ್ತೆಯ ಕೊನೆಯ ಮನೆಗೆ ಬಂದು ನೆಲೆಸಿದವನು. ವರ್ನರನಿಗಿಂತ ಹತ್ತು ವರ್ಷ ಚಿಕ್ಕವ, ತಲೆತುಂಬ ಕೂದಲು ಬೇರೆ. ವರ್ನರ್ ಟ್ರ್ಯಾಕ್ಟರನ್ನು ಅಲ್ಲೇ ತಿರುಗಿಸಿಕೊಂಡು ಮನೆಗೆ ಬಂದ. ಆ ದಿನ ಅವನು ಬೇರೆ ಯಾರ ದಾರಿಯನ್ನೂ ಮುಟ್ಟಲಿಲ್ಲ.

ಶನಿವಾರ ಭಾವಮೈದುನ ಕ್ಲಿಫರ್ಡನ ಮನೆಯ ಹಬೆಸ್ನಾನದ ಕೋಣೆ ಸೌನಾಕ್ಕೆ ಹೋದರೆ ಅಲ್ಲೂ ರಾಯ್ಸ್ ಹಾಜರ್. ಮೇಲಿನ ಬೆಂಚಿನ ಮೇಲೆ, ವರ್ನರ್ ಕೂರುವ ಮೂಲೆಯಲ್ಲಿ, ಬೆವರು ಸುರಿಸುತ್ತಾ ಕೂತಿದ್ದ. ವರ್ನರ್ ಕೆಳಗಿನ ಬೆಂಚಿನಲ್ಲಿ ಕೂತ.

ಕ್ಲಿಫರ್ಡ್ ಕಾದ ಕಲ್ಲಿನ ಮೇಲೆ ನೀರು ಎರಚಿ, "ಏನ್ ಭಾವ, ಮುಖ ಯಾಕೆ ಹಂಗೆ ಊದ್ಕೊಂಡಿದೆ? ಇನ್ನೂ ಹಬೆನೇ ಬಂದಿಲ್ಲ," ಅಂದ.

"ಚಳಿಗೆ."

"ಚಳಿಗೋ, ರಾಯ್ಸ್ ಪೈಪಿಗೋ? ಮಾರ್ಲೀನ್ ಮೊನ್ನೆ ಅಂಗಡೀಲಿ ಸಿಕ್ಕಿದ್ಲು. ಒಂದು ಕಲ್ಲೂ ಹಾರಿಲ್ಲ, ಒಂದು ಕಲ್ಲೂ ಹಾರಿಲ್ಲ ಅಂತ ಕಂಡೋರಿಗೆಲ್ಲ ಹೇಳ್ತಿದ್ಲು."

ರಾಯ್ಸ್ ಸಂಕೋಚದಿಂದ ನಕ್ಕ. ಆ ಸಂಕೋಚ ವರ್ನರನನ್ನು ಇನ್ನಷ್ಟು ಉರಿಸಿತು. ಜಂಬ ಕೊಚ್ಚಿಕೊಂಡಿದ್ದರೆ ಬೈದುಕೊಳ್ಳಲಾದರೂ ಆಗುತ್ತಿತ್ತು.

"ಅದೇನ್ ದೊಡ್ಡ ವಿದ್ಯೆ ಅಲ್ಲ ವರ್ನರಣ್ಣ," ಅಂದ ರಾಯ್ಸ್. "ಹಳೇ ನೀರಿನ ಪೈಪು. ಉದ್ದಕ್ಕೆ ಒಂದು ಕಡೆ ಸೀಳಿ, ಬ್ಲೇಡಿನ ಕೆಳಗಿನ ಅಂಚಿಗೆ ಸುತ್ತಿಗೇಲಿ ಹೊಡೆದು ಕೂರಿಸಿದೀನಿ, ಜಾರದೇ ಇರ್ಲಿ ಅಂತ ಎರಡು ಬೋಲ್ಟು. ಚೂಪು ಅಂಚು ಕಲ್ಲು ಕಚ್ಚುತ್ತೆ, ಗುಂಡಗಿರೋದು ಕಲ್ಲಿನ ಮೇಲೆ ಜಾರ್ಕೊಂಡು ಹೋಗುತ್ತೆ. ಅಷ್ಟೇ. ಬೇಕಾದ್ರೆ ನಿಮ್ದಕ್ಕೂ ಮಾಡ್ಕೊಡ್ತೀನಿ."

"ನನ್ ಬ್ಲೇಡಿಗೆ ಏನಾಗಿದೆ?"

"ಏನೂ ಆಗಿಲ್ಲ."

"ಪೈಪು ಕಟ್ಟಿದ್ರೆ ಬೆರಳುದಪ್ಪ ಹಿಮ ಕೆಳಗೇ ಉಳಿಯುತ್ತೆ. ಅದಕ್ಕೆ ಕ್ಲೀನ್ ಮಾಡೋದು ಅಂತಾರಾ?"

"ಉಳಿಯುತ್ತೆ," ಎಂದು ರಾಯ್ಸ್ ಒಪ್ಪಿಕೊಂಡ. ಒಪ್ಪಿಕೊಂಡನಲ್ಲ ಎಂದು ವರ್ನರನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಅವನು ಬೆವರು ಆರುವ ಮೊದಲೇ ಬಟ್ಟೆ ಹಾಕಿಕೊಂಡು ಹೊರಟ.

ಆಮೇಲೆ ಅವನು ಮಾಡಿದ್ದೇನು ಅಂತೀರಿ? ಬೇಡ ಅಂದ ಮನುಷ್ಯ, ರಾಯ್ಸ್ ಹೆಪ್ಪುಗಟ್ಟಿದ ಕೆರೆಯಲ್ಲಿ ತೂತು ಕೊರೆದು ಮೀನು ಹಿಡಿಯಲು ಹೋಗಿದ್ದ ಮಧ್ಯಾಹ್ನ ನೋಡಿ, ಅವನ ಶೆಡ್ಡಿಗೆ ನುಗ್ಗಿದ. ಆ ರಸ್ತೆಯಲ್ಲಿ ಯಾರೂ ಶೆಡ್ಡಿಗೆ ಬೀಗ ಹಾಕುವುದಿಲ್ಲ. ಮಂಡಿಯೂರಿ ಕೂತು ಪೈಪಿನ ದಪ್ಪವನ್ನು ಬೆರಳಿನಲ್ಲಿ ಅಳೆದ, ಬೋಲ್ಟಿನ ಜಾಗ ನೋಡಿಕೊಂಡ. ಎಷ್ಟು ನೀಟಾಗಿ ಸೀಳಿದ್ದಾನೆ ಎಂದು ಒಂದು ಕ್ಷಣ ಮೆಚ್ಚುಗೆಯೂ ಆಯಿತು. ಮೆಚ್ಚಿದ್ದಕ್ಕೇ ತನ್ನ ಮೇಲೆ ಸಿಟ್ಟಾಗಿ ಶೆಡ್ಡಿನ ಬಾಗಿಲನ್ನು ದಡಕ್ಕನೆ ಎಳೆದುಕೊಂಡು ಹೊರಟ.

ಅವನಿಗೆ ರಾಯ್ಸನ ಪೈಪಿನಂಥದೇ ಪೈಪು ಬೇಕಿರಲಿಲ್ಲ, ಅದನ್ನು ಮೀರಿಸುವಂಥದು ಬೇಕಿತ್ತು. ಇನ್ನೂ ದಪ್ಪದ್ದು ತಂದ. ಸೀಳಲು ಎರಡು ದಿನ ಒದ್ದಾಡಿ ಹೆಬ್ಬೆರಳು ಸುಟ್ಟುಕೊಂಡ. ಕೆಳಗೆ ಬೆರಳುದಪ್ಪ ಹಿಮ ಉಳಿಯಬಾರದೆಂದು ಬ್ಲೇಡಿನ ಬೆನ್ನಿಗೆ ಹಳೆಯ ಕಬ್ಬಿಣದ ತುಂಡುಗಳನ್ನು ತಂತಿಯಲ್ಲಿ ಬಿಗಿದು ಭಾರ ಹೇರಿದ. ಕಲ್ಲೂ ಹಾರಬಾರದು, ಹಿಮವೂ ಉಳಿಯಬಾರದು. ಆಗ ನೋಡೋಣ ಮಾರ್ಲೀನ್ ಯಾರ ಹೆಸರು ಹೇಳುತ್ತಾಳೆ ಎಂದುಕೊಂಡ.

ಜನವರಿಯ ನಡುವೆ ಅಲ್ಲಿ ನಾಲ್ಕು ದಿನ ಬೆಚ್ಚನೆಯ ಗಾಳಿ ಬಂದು ಮಳೆ ಹನಿಸಿ ಹೋಗುವುದುಂಟು. ಆ ವರ್ಷವೂ ಬಂತು. ಪೆಲ್ಟೊ ರಸ್ತೆಯವರು ಚಳಿಗಾಲದ ಮೊದಲ ಹಿಮವನ್ನು ತೆಗೆಯುವುದೇ ಇಲ್ಲ, ಚಕ್ರದಲ್ಲಿ ತುಳಿದು ಗಟ್ಟಿ ಮಾಡಿ ಹೆಪ್ಪುಗಟ್ಟಲು ಬಿಡುತ್ತಾರೆ. ಆ ಗಟ್ಟಿ ಪದರವೇ ಜಲ್ಲಿಯನ್ನು ಹಿಡಿದಿಡುವುದು. ಮಳೆಗೆ ಅದು ಕರಗಿ, ದಾರಿಯ ಮೇಲ್ಮೈ ನಾಲ್ಕು ಬೆರಳು ಮೆತ್ತಗಾಯಿತು. ಅದರ ಮೇಲೆ ಹೊಸ ಹಿಮ ಬಿತ್ತು. ಇಂಥ ಹೊತ್ತಿನಲ್ಲಿ ಬ್ಲೇಡು ಇಳಿಸಬಾರದು, ಮತ್ತೆ ತುಳಿದು, ಹೆಪ್ಪುಗಟ್ಟಲು ಬಿಟ್ಟು ಕಾಯಬೇಕು. ಇದನ್ನು ರಸ್ತೆಗೆಲ್ಲ ಹೇಳಿಕೊಟ್ಟವನೇ ವರ್ನರ್. ರಾಯ್ಸ್ ಕೂಡ ಆ ಬೆಳಗ್ಗೆ ಮನೆಯಲ್ಲೇ ಇದ್ದ.

ವರ್ನರ್ ಮಾತ್ರ ಬೆಳಕು ಹರಿಯುತ್ತಲೇ ಹೊರಟ. ಕಾದರೆ ರಾಯ್ಸ್ ಮೊದಲು ಬಂದುಬಿಟ್ಟರೆ ಎಂಬ ಒಂದೇ ಯೋಚನೆ ಅವನ ತಲೆಯಲ್ಲಿತ್ತು. ಮಾರ್ಲೀನಳ ದಾರಿಯ ಬಾಯಲ್ಲಿ ಬ್ಲೇಡು ಇಳಿಸಿದ. ಹಿಮ ಎಷ್ಟು ಸಲೀಸಾಗಿ ಸರಿಯಿತೆಂದರೆ ಅವನಿಗೆ ಹಾಡಿಕೊಳ್ಳುವಂತಾಯಿತು. ಹಿಂದಿರುಗಿ ನೋಡದೆ ಮನೆಯವರೆಗೂ ತಳ್ಳಿಕೊಂಡು ಹೋದ. ಟ್ರ್ಯಾಕ್ಟರ್ ಏದುಸಿರು ಬಿಟ್ಟು ನಿಂತ ಮೇಲೆ ತಿರುಗಿ ನೋಡಿದರೆ ದಾರಿ ಇರಬೇಕಾದ ಕಡೆ ಕಪ್ಪು ಕೆಸರಿನ ಕಾಲುವೆ ಇತ್ತು. ದಾರಿಯ ಜಲ್ಲಿಯೆಲ್ಲ ಹಿಮ ಕೆಸರಿನ ಜೊತೆ ಕಲಸಿಕೊಂಡು ಮಾರ್ಲೀನಳ ಮೆಟ್ಟಿಲ ಮುಂದೆ ಗುಡ್ಡೆಯಾಗಿ ಕೂತಿತ್ತು.

ಬಾಗಿಲು ತೆರೆಯಿತು. ಮಾರ್ಲೀನ್ ಗುಡ್ಡೆಯನ್ನು ನೋಡಿದಳು, ಬ್ಲೇಡಿಗೆ ಕಟ್ಟಿದ ಕಬ್ಬಿಣ ನೋಡಿದಳು, ಆಮೇಲೆ ಅವನನ್ನು ನೋಡಿದಳು.

"ಒಳಗೆ ಬಾ. ಬೂಟು ಬಿಚ್ಚಿಡು."

ಅವನು ಕೂತ. ಅವಳು ಕಾಫಿ ಬಗ್ಗಿಸಿದಳು. ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ಅವನಿಗೆ.

"ಗುಡ್ಡೆ ಎಲ್ಲ ನಾನೇ ಮತ್ತೆ ಹರಡ್ತೀನಿ," ಅಂದ.

"ಹರಡ್ತೀಯ, ಗೊತ್ತು."

"ರಾಯ್ಸ್ ಕೈಲಿ ಯಾಕೆ ಮಾಡ್ಸಿದೆ? ಇಷ್ಟು ವರ್ಷ ನಾನು ಮಾಡ್ತಿರ್ಲಿಲ್ವ? ನನ್ನದೇನಾದ್ರೂ ತಪ್ಪಾಗಿದ್ರೆ ಹೇಳ್ಬೋದಿತ್ತು."

ಮಾರ್ಲೀನ್ ಬ್ರೆಡ್ಡು ಕೊಯ್ಯುತ್ತಲೇ ಹೇಳಿದಳು: "ಪ್ರತಿ ಮೇ ತಿಂಗಳು ಹುಲ್ಲಿನ ಮೇಲಿನ ಕಲ್ಲು ಯಾರು ಆರಿಸ್ತಾರೆ ಅಂದ್ಕೊಂಡಿದೀಯ?"

ವರ್ನರ್ ಅದನ್ನು ಯಾವತ್ತೂ ಯೋಚಿಸಿರಲಿಲ್ಲ.

"ಮಂಡಿ ಊರಿ, ಬಕೆಟ್ ಇಟ್ಕೊಂಡು, ನಾನೇ ಆರಿಸ್ತಿದ್ದೆ. ಹೋದ ಮೇನಲ್ಲಿ ರಾಯ್ಸ್ ರಸ್ತೇಲಿ ಹೋಗ್ತಾ ನೋಡ್ದ. ಒಳಗೆ ಬಂದ, ಇನ್ನೊಂದು ಬಕೆಟ್ ಕೇಳ್ದ. ಸಂಜೆವರೆಗೂ ನನ್ ಜೊತೆ ಕೂತು ಆರಿಸ್ದ. ಅವತ್ತೇ ಅಂದ, ಇದಕ್ಕೆ ಏನಾದ್ರೂ ಒಂದು ದಾರಿ ಮಾಡ್ಬೇಕು ಅಂತ."

ವರ್ನರ್ ಬ್ರೆಡ್ಡನ್ನು ಮರಳಿ ತಟ್ಟೆಗೆ ಇಟ್ಟ. ಪೈಪನ್ನು ಕದ್ದು ನೋಡಿ ನಕಲು ಮಾಡಬಹುದಿತ್ತು, ಮಾಡಿಯೂ ಇದ್ದ. ಮೇ ತಿಂಗಳ ಆ ಮಧ್ಯಾಹ್ನವನ್ನು ಯಾವ ಶೆಡ್ಡಿನಲ್ಲಿ ಹುಡುಕುವುದು? ಅವನಿಗೆ ಅಳುವಷ್ಟು ಹೊಟ್ಟೆಕಿಚ್ಚಾಯಿತು. ಇಷ್ಟು ದಿನ ಅನುಭವಿಸಿದ್ದು ಇದರ ಮುಂದೆ ಏನೂ ಅಲ್ಲ ಅನ್ನಿಸಿತು.

"ಒಂದು ಮಾತು ಹೇಳ್ಬೇಕಿತ್ತು ನನಗೆ," ಅಂದ.

"ಹೇಳೋಕೆ ನೀನು ಎಲ್ಲಿ ಸಿಗ್ತಿದ್ದೆ? ಹಿಮ ಕರಗಿದ್ದೇ ತಡ ನಾಪತ್ತೆ. ಮತ್ತೆ ನಿನ್ ಮುಖ ಕಾಣೋದು ನವೆಂಬರಿಗೆ. ಕಲ್ಲು ಆರಿಸ್ತಾ ಎಷ್ಟು ಸಲ ರಸ್ತೆ ಕಡೆ ನೋಡಿದೀನಿ, ಗೊತ್ತಾ ನಿಂಗೆ?"

ಬೇಸಿಗೆಯಲ್ಲಿ ಬರಲು ಅವನಿಗೆ ನೆಪವಿರಲಿಲ್ಲ. ನೆಪವಿಲ್ಲದೆ ಬಾಗಿಲು ತಟ್ಟುವ ಧೈರ್ಯವೂ ಇರಲಿಲ್ಲ. ಕೊನೆಗೆ, "ಈ ಮೇನಲ್ಲಿ ಬರ್ತೀನಿ," ಅಂದ.

"ಯಾತಕ್ಕೆ?"

"ಸುಮ್ನೆ."

ಮಾರ್ಲೀನ್ ಅವನ ಲೋಟಕ್ಕೆ ಮತ್ತೆ ಕಾಫಿ ಬಗ್ಗಿಸಿದಳು. "ಬಾ. ಈ ಸಲ ಆರಿಸೋಕೆ ಕಲ್ಲೇ ಇರಲ್ಲ ಅಂದ್ಕೊಂಡಿದ್ದೆ, ಬೇಕಾದಷ್ಟು ತಂದು ಹಾಕಿದೀಯ. ರಾಯ್ಸೂ ಬರ್ತಾನೆ. ಇನ್ನೊಂದು ಬಕೆಟ್ ತರ್ಬೇಕು."

ರಾಯ್ಸೂ ಬರ್ತಾನೆ ಅಂದದ್ದು ಕೇಳಿ ವರ್ನರ್ ಲೋಟವನ್ನು ಟಕ್ಕೆಂದು ಕೆಳಗಿಟ್ಟ.

"ಬೇಡ," ಅಂದ. "ನನ್ ಬಕೆಟ್ ನಾನೇ ತರ್ತೀನಿ."