ವಿಭೂತಿ ಅಳಿಯದ ಗುಂಡಿ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕನಾಗಿದ್ದೆ. ಸೈಕಲ್ ಬಿಡಿಭಾಗಗಳಿಗೆ ಕ್ರೋಮ್ ಹೊಳಪು ಕೊಡುವ ಕೆಲಸ. ಮಠದ ಹಾಸ್ಟೆಲಿನಲ್ಲಿ ನಾಲ್ಕೂವರೆಗೆ ಎದ್ದು ಬೆಳೆದವನು ನಾನು. ಹೇಳಿದ ಕೆಲಸ ಹೇಳಿದ ಹೊತ್ತಿಗೆ ಆಗಬೇಕು. ನನಗಿಂತ ಚಿಕ್ಕವರಾದ ಮಾಲೀಕರು ಅದಕ್ಕೇ ನನ್ನನ್ನು 'ಮೇಷ್ಟ್ರೇ' ಎಂದು ರೇಗಿಸುತ್ತಿದ್ದರು.

ಹಿತ್ತಲಲ್ಲಿ ಕೊಳೆನೀರು ಶುದ್ಧ ಮಾಡುವ ಘಟಕವಿತ್ತು. ಇತ್ತು, ಅಷ್ಟೆ. ಕ್ರೋಮ್ ತೊಳೆದ ಹಳದಿ ನೀರು ಅದರ ಪಕ್ಕದಿಂದಲೇ ನೇರ ಮೋರಿಗೆ ಹರಿಯುತ್ತಿತ್ತು. ಆಯುಧಪೂಜೆಯ ದಿನ ಬಿಟ್ಟರೆ ಬೀಗ ತೆಗೆಯುತ್ತಿರಲಿಲ್ಲವಾದ್ದರಿಂದ ಕೆಲಸಗಾರರು ಅದಕ್ಕೆ 'ದೇವರ ಮನೆ' ಎಂದು ಹೆಸರಿಟ್ಟಿದ್ದರು. ನಾನೂ ನಗುತ್ತಿದ್ದೆ. ಆ ನಗುವಿಗೆ ಈಗಲೂ ನಾಚಿಕೆಯಾಗುತ್ತದೆ.

ಕಾಂಪೌಂಡಿನ ಆಚೆ ಬಾಗಲಕೋಟೆ ಕಡೆಯವರ ಬಾಡಿಗೆ ಕೋಣೆಗಳು. ಒಂದು ದಿನ ಅಲ್ಲಿನ ಹೆಂಗಸೊಬ್ಬಳು ಗೇಟಿಗೆ ಬಂದು ಚೆಂಬು ಮುಂದೆ ಹಿಡಿದಳು. "ಸಾಹೇಬ್ರ, ನಮ್ಮ ಬೋರಿನ ನೀರು ನೋಡ್ರಿ. ಅರಿಶಿಣ ಕಲಸಿಲ್ರಿ, ಹಿಂಗ ಬರಾಕತ್ತೈತಿ. ಕೂಸಿನ ಮೈಯೆಲ್ಲಾ ಗುಳ್ಳಿ ಎದ್ದಾವ್ರಿ."

ಅದೇ ವಾರ ಸುದ್ದಿ ಬಂತು: ಪೀಣ್ಯವನ್ನು ಹಸಿರು ಕೈಗಾರಿಕಾ ಪ್ರದೇಶ ಮಾಡುತ್ತಾರಂತೆ, ಮಾದರಿ ಕಾರ್ಖಾನೆ ಆರಿಸಲು ಅಧಿಕಾರಿ ಬರುತ್ತಾರಂತೆ. ಮಾಲೀಕರು ಗೇಟಿಗೆ ಹಸಿರು ಬಣ್ಣ ಬಳಿಸಿದರು. ಆಮೇಲೆ ನನ್ನನ್ನು ಕರೆದು, "ಮೇಷ್ಟ್ರೇ, ಘಟಕದ ಸ್ವಿಚ್ ಮೇಲಿರೋ ವಿಭೂತಿ, ಕುಂಕುಮ ಒರೆಸಿಬಿಡಿ" ಎಂದರು.

ಯಾಕೆಂದು ಇಬ್ಬರಿಗೂ ಗೊತ್ತಿತ್ತು. ಉಳಿದ ಮೆಷಿನ್ನುಗಳ ಗುಂಡಿಗಳ ಮೇಲೆ ಪೂಜೆಯ ಗುರುತು ಒಂದು ವಾರವೂ ಉಳಿಯುವುದಿಲ್ಲ, ಕೆಲಸಗಾರರ ಹೆಬ್ಬೆರಳೇ ಒರೆಸಿಬಿಡುತ್ತದೆ. ಇಲ್ಲಿ ಮಾತ್ರ ಹತ್ತು ತಿಂಗಳ ಹಿಂದೆ ನಾನೇ ಎಳೆದ ಮೂರು ಗೆರೆ ಗುಂಡಿಯ ಮೇಲೆ ಹಾಗೇ ಇದ್ದವು. ನಾನು ಒರೆಸಲಿಲ್ಲ. ಹೇಳಿದ ಕೆಲಸವನ್ನು ಬೇಕೆಂದೇ ಬಿಟ್ಟದ್ದು ಜೀವನದಲ್ಲಿ ಅದೇ ಮೊದಲು.

ಅಧಿಕಾರಿ ಬಂದರು. ಘಟಕದ ಬಾಗಿಲಲ್ಲೇ ನಿಂತು ವಿಭೂತಿ ಕಂಡರು. ಈಗ ಕೇಳುತ್ತಾರೆ ಎಂದು ನಾನು ಕಾದೆ. ಆ ಮನುಷ್ಯ ಹೊಸ್ತಿಲಾಚೆ ಬೂಟು ಬಿಚ್ಚಿಟ್ಟು ಒಳಗೆ ಬಂದು ಕೈಮುಗಿದರು!

"ಮೆಷಿನ್ನ ದೇವರ ಥರ ನೋಡ್ಕೋತೀರಲ್ರೀ, ಬಹಳ ಸಂತೋಷ."

ನನ್ನ ಮೈ ಉರಿದುಹೋಯಿತು. "ಸಾರ್, ಅದು ಹೋದ ಆಯುಧಪೂಜೆ ವಿಭೂತಿ. ಆವತ್ತಿಂದ ಈ ಗುಂಡಿ ಯಾರೂ ಒತ್ತಿಲ್ಲ. ಹಿಂದಿನ ಮನೆಗಳ ಬೋರ್ ನೀರು ಹಳದಿಯಾಗಿದೆ, ಬನ್ನಿ ತೋರಿಸ್ತೀನಿ."

"ನಮ್ಮ ಮೇಷ್ಟ್ರಿಗೆ ತಮಾಷೆ ಜಾಸ್ತಿ ಸಾರ್," ಎಂದು ಮಾಲೀಕರು ನಕ್ಕರು.

ನಾನೇ ಗುಂಡಿ ಒತ್ತಿದೆ. ತುಕ್ಕು ಹಿಡಿದ ಮೋಟಾರು ಗುಂಯ್ ಎಂದು ನರಳಿ ನಿಂತಿತು. ಅಧಿಕಾರಿ ಗಡಿಯಾರ ನೋಡಿಕೊಂಡು, "ವೋಲ್ಟೇಜ್ ಇಲ್ಲ ಅನ್ಸತ್ತೆ," ಎಂದು ಬೂಟು ಹಾಕಿಕೊಂಡರು. ತಿಂಗಳೊಳಗೆ ನಮ್ಮ ಗೇಟಿಗೆ 'ಮಾದರಿ ಹಸಿರು ಕಾರ್ಖಾನೆ' ಎಂಬ ಬೋರ್ಡು ಬಂತು.

ಬೋರ್ಡು ಬಂದ ಮರುದಿನವೇ ಕಾರ್ಖಾನೆಗೆ ಬರುವ ಜಲಮಂಡಳಿಯ ಕುಡಿಯುವ ನೀರಿನ ನಲ್ಲಿಯಿಂದ ಗೋಡೆಯಾಚೆಗೆ ಪೈಪು ಎಳೆಸಿದೆ. ಆ ಹೆಂಗಸು ಮೊದಲ ಕೊಡ ತುಂಬಿಕೊಳ್ಳುವಾಗ ಮಾಲೀಕರು ಓಡಿಬಂದರು.

"ಯಾರನ್ನ ಕೇಳಿ ಹಾಕ್ಸಿದ್ರಿ?"

"ಮಾದರಿ ಕಾರ್ಖಾನೆ ಅಂತ ನೀವೇ ಬರೆಸಿದೀರಲ್ಲ. ಕಿತ್ತುಹಾಕಿ. ಯಾಕೆ ಕಿತ್ರಿ ಅಂತ ಕೇಳಿದವರಿಗೆ ಇವರ ಬೋರಿನ ಹಳದಿ ನೀರನ್ನ ಚೆಂಬಲ್ಲಿ ಹಿಡಿದು ತೋರಿಸ್ತೀನಿ."

ಅವರು ಕೀಳಲಿಲ್ಲ. ಆದರೆ ಘಟಕವನ್ನೂ ಓಡಿಸಲಿಲ್ಲ. ಮಗುವಿಗೆ ಒಳ್ಳೆಯ ನೀರು ಸಿಕ್ಕಿತು. ಆ ಬೋರು ಮಾತ್ರ ನಾನು ಕೆಲಸ ಬಿಡುವ ದಿನವೂ ಹಳದಿಯನ್ನೇ ಕಾರುತ್ತಿತ್ತು.