ಮುಂದಿನ ಚಕ್ರ ತಿರುಗದ ದಿನ

ಬ್ರಹ್ಮಾವರದಿಂದ ಹೊರಟಾಗ ಬೆಳಗಿನ ಮಳೆ ಆಗಷ್ಟೇ ನಿಂತಿತ್ತು. ಪಕ್ಕದಲ್ಲಿ ಹೆಂಡತಿ ವನಜ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದಳು. ಅವಳ ತಂಗಿ ಪ್ರೇಮಾಗೆ ಏಳು ತಿಂಗಳು. ಗಂಡನ ಮನೆ ಬೈಂದೂರಿನಿಂದ ಒಳಗೆ, ಗುಡ್ಡದ ಮೇಲೆ. ಹೊಟ್ಟೆನೋವು ಶುರುವಾಗಿದೆ, ಆಂಬುಲೆನ್ಸ್ ಡಾಂಬರು ಮುಗಿಯುವಲ್ಲಿಂದ ಮುಂದೆ ಬರುವುದಿಲ್ಲ ಎಂದು ಅವಳ ಗಂಡ ರಮೇಶ ಫೋನ್ ಮಾಡಿದ್ದ. ನಾಲ್ಕೂ ಚಕ್ರ ಎಳೆಯುವ ಫೋರ್ ವೀಲ್ ಡ್ರೈವ್ ಇದೆಯೆಂದು ಗೆಳೆಯ ಸದಾನಂದನ ಎರಡು ಸಾಲು ಸೀಟಿನ ಪಿಕಪ್ಪನ್ನು ಕೇಳಿ ತಂದಿದ್ದೆ.

ಬೈಂದೂರಿಗೆ ಐವತ್ತೈದು ಕಿಲೋಮೀಟರ್ ಹತ್ತಿರ. ಕುಂದಾಪುರದಲ್ಲಿ ಡೀಸೆಲ್ ಹಾಕಿಸಿದೆ, ಚಹಾ ಕುಡಿಯಲು ವನಜ ಒಪ್ಪಲಿಲ್ಲ. ಮರವಂತೆಯಲ್ಲಿ ಕಡಲು ಕಲ್ಲಿನ ತಡೆಗೋಡೆಗೆ ಹೊಡೆದು ರಸ್ತೆಗೆ ನೀರು ಹಾರಿಸುತ್ತಿತ್ತು. ಅವಳು ಆ ಕಡೆ ತಿರುಗಲೂ ಇಲ್ಲ.

ಬೈಂದೂರು ದಾಟಿ ಒಳಗೆ ಹೋದ ಮೇಲೆ ಡಾಂಬರು ಮುಗಿದು ಕೆಮ್ಮಣ್ಣಿನ ಏರು ಬಂತು. ಲಿವರನ್ನು ಫೋರ್ ವೀಲಿಗೆ ಎಳೆದೆ. ಡ್ಯಾಶ್‌ಬೋರ್ಡಿನ ಹಸಿರು ದೀಪ ಮಿಣುಕಿತೇ ಹೊರತು ನಿಂತು ಉರಿಯಲಿಲ್ಲ; ಮುಂದಿನ ಚಕ್ರಗಳು ಸೇರಿಕೊಂಡಿರಲಿಲ್ಲ. ಅರ್ಧ ಏರಿನಲ್ಲಿ ಹಿಂದಿನ ಚಕ್ರ ಗಿರ್ರನೆ ತಿರುಗಿ ಕೆಸರೆರಚಿತು. ಗಾಡಿ ಚರಂಡಿಯ ಕಡೆಗೆ ಜಾರಿತು. ಬ್ರೇಕ್ ಒತ್ತಿ ಹಿಡಿದೆ.

ಮೆಲ್ಲಗೆ ಹಿಂದಕ್ಕೆ ಇಳಿಸಿ, ಸಮತಟ್ಟಿನಲ್ಲಿ ನಿಲ್ಲಿಸಿ ಸದಾನಂದನಿಗೆ ಫೋನ್ ಮಾಡಿದೆ.

"ನ್ಯೂಟ್ರಲ್ ಮಾಡಿ ಸಲ್ಪ ಹಿಂದ್ ಹೋಯಿ, ಮತ್ ಲಿವರ್ ಎಳಿ," ಎಂದ. ಹಾಗೇ ಮಾಡಿದೆ. ದೀಪ ಮಿಣುಕುತ್ತಲೇ ಇತ್ತು. ಫ್ಯೂಸ್ ತೆಗೆದು ನೋಡಿದೆ; ಸುಟ್ಟಿರಲಿಲ್ಲ. ಅಷ್ಟರಲ್ಲಿ ರಮೇಶನ ಕರೆ.

"ಭಾವ, ಎಲ್ ಇದ್ರಿ? ಇವ್ಳ್ ಮಾತೇ ಆಡ್ತಿಲ್ಲ."

"ಇಲ್ಲೇ ಕೆಳಗ್ ಇದ್ದೆ. ಬತ್ತೆ," ಎಂದೆ. ಹೇಗೆ ಎಂದು ನನಗೇ ಗೊತ್ತಿರಲಿಲ್ಲ.

ವನಜ ಗಾಡಿಯಿಂದಿಳಿದು ದೂರ ನಿಂತಳು. ಗಾಡಿಯನ್ನು ಒಂದೆರಡು ಮಾರು ನಿಧಾನವಾಗಿ ಮುಂದೆ ಬಿಟ್ಟು ನಿಲ್ಲಿಸಿದಾಗ ಅವಳು ಮುಂಭಾಗಕ್ಕೆ ಬಂದು ಕಿವಿಗೊಟ್ಟಳು.

"ಹ್ವಾಯ್, ಇಲ್ಲ್ ಎಂತದೋ ಸುಂಯ್ ಅಂತಿತ್, ಕೇಣಿ."

ಮತ್ತೆ ಸದಾನಂದನಿಗೆ ಫೋನ್ ಮಾಡಿ ಹೇಳಿದೆ. "ಹಾಂಗಾರೆ ಗಾಳಿ ಎಳ್ಯು ಪೈಪ್ ಒಡ್ದಿರ್ಕ್," ಎಂದ. ಮುಂದಿನ ಚಕ್ರಗಳನ್ನು ಎಂಜಿನ್‌ಗೆ ಸೇರಿಸುವ ಕೊಂಡಿಯನ್ನು ಆ ತೆಳ್ಳನೆಯ ರಬ್ಬರ್ ಪೈಪಿನೊಳಗಿನ ಗಾಳಿಯ ಎಳೆತವೇ ಕದಲಿಸುವುದಂತೆ. ಎಂಜಿನ್ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಕೆಸರಿನಲ್ಲೇ ಅಡ್ಡ ಮಲಗಿ ಒಳಗೆ ಕೈ ಹಾಕಿದೆ. ಪೈಪಿನ ತುದಿ ಸೀಳಿತ್ತು. ಸೀಳಿದಷ್ಟನ್ನು ಚಾಕುವಿನಿಂದ ಕತ್ತರಿಸಿ, ಉಳಿದದ್ದನ್ನು ಎಳೆದು ಸಿಕ್ಕಿಸಲು ಹೋದರೆ ಕೆಸರಿನ ಬೆರಳಿನಿಂದ ಎರಡು ಸಲ ಜಾರಿತು. ಮೂರನೆಯ ಸಲ ಕೂತಿತು.

ಎಂಜಿನ್ ಶುರು ಮಾಡಿ ಲಿವರ್ ಎಳೆದೆ. ದೀಪ ಮಿಣುಕಿತು. ಮಿಣುಕಿತು. ಆಮೇಲೆ ನಿಂತು ಉರಿಯಿತು.

"ಹತ್ತ್, ಬೇಗ," ಎಂದೆ. ಈ ಸಲ ಗಾಡಿ ಮುಂದಿನ ಚಕ್ರಗಳಿಂದಲೂ ಎಳೆದುಕೊಂಡು ಏರನ್ನು ಹತ್ತಿತು.

ಮನೆ ತಲುಪಿ ಪ್ರೇಮಾಳನ್ನು ಹಿಂದಿನ ಸೀಟಿನಲ್ಲಿ ಅಕ್ಕನ ತೊಡೆಯ ಮೇಲೆ ಮಲಗಿಸಿದೆವು. ರಮೇಶ ನನ್ನ ಪಕ್ಕ ಕೂತ. ಗುಡ್ಡ ಇಳಿಯುವಾಗ ಪ್ರೇಮಾ ಒಂದೇ ಮಾತು ಹೇಳಿದಳು: "ಅಕ್ಕ, ಬೆಳಿಗ್ಗಿಂದ ಮಗು ಒದ್ದದ್ದೇ ಇಲ್ಲ." ಕೆಳಗೆ ಡಾಂಬರು ಶುರುವಾಗುವಲ್ಲಿ ಆಂಬುಲೆನ್ಸ್ ಕಾಯುತ್ತಿತ್ತು. ಗಂಡ ಹೆಂಡತಿ ಅದರಲ್ಲಿ ಕುಂದಾಪುರಕ್ಕೆ ಹೋದರು, ನಾವು ಹಿಂದೆಯೇ ಹೋದೆವು.

ಆಸ್ಪತ್ರೆಯಲ್ಲಿ ಡಾಕ್ಟರು ಪ್ರೇಮಾಳ ಹೊಟ್ಟೆಯ ಮೇಲೆ ಯಂತ್ರವಿಟ್ಟು ಅತ್ತಿತ್ತ ಸರಿಸಿದರು. ಮೊದಲು ಬರೀ ಗೊರಗೊರ. ನಂತರ ಟಕಟಕ ಎಂದು ಬಿರುಸಾಗಿ ಓಡುವ ಸದ್ದು, ಮಗುವಿನ ಎದೆಬಡಿತ. ರಮೇಶ ಗೋಡೆಗೆ ತಲೆಯಾನಿಸಿ ಅತ್ತುಬಿಟ್ಟ. ಇಂಜೆಕ್ಷನ್ ಕೊಟ್ಟ ಮೇಲೆ ನೋವು ಇಳಿಯಿತು. ಕೆಲವು ದಿನ ಇಲ್ಲೇ ಇರಲಿ ಎಂದರು ಡಾಕ್ಟರು.

ಸಂಜೆ ಬಟ್ಟೆಬರೆ ತರಲೆಂದು ಬ್ರಹ್ಮಾವರದ ಮನೆಗೆ ಹೊರಟೆವು. ಕೋಟೇಶ್ವರ ದಾಟಿ ಸಾಲಿಗ್ರಾಮಕ್ಕೆ ಬಂದಾಗ ಫೋನ್ ಬಂತು, ಪ್ರೇಮಾಳದ್ದು. ವನಜ ಸ್ಪೀಕರ್ ಒತ್ತಿದಳು.

"ಅಕ್ಕ, ಹೊಟ್ಟಿ ಹಸಿತಿತ್. ಇಲ್ಲಿನ್ ಗಂಜಿ ಸೇರ್ತಿಲ್ಲ. ಬಪ್ಪತಿಗೆ ಎಂತಾರೂ ತಕಂಡ್ ಬಾ."

ವನಜ ನನ್ನ ಮುಖ ನೋಡಿದಳು. ಬಟ್ಟೆ ಆಮೇಲಾದರೂ ಆಯಿತು. ಸಾಲಿಗ್ರಾಮದ ಹೋಟೆಲಿನಲ್ಲಿ ಬಿಸಿ ನೀರುದೋಸೆ ಕಟ್ಟಿಸಿಕೊಂಡು ಗಾಡಿಯನ್ನು ಮತ್ತೆ ಕುಂದಾಪುರದ ಕಡೆಗೆ ತಿರುಗಿಸಿದೆ.